ಒಂದೇ ಗೀಟಿನ ಕಟ್ಟಳೆ

ಬೇಸಿಗೆಯ ರಜೆ ಕಳೆದು, ಮೊದಲ ಮಳೆಗೆ ತೊಯ್ದ ಅಂಗಳದಲ್ಲಿ ಮಕ್ಕಳ ಹೆಜ್ಜೆಗುರುತುಗಳು ಮತ್ತೆ ಮೂಡತೊಡಗುವ ಜೂನ್ ತಿಂಗಳಲ್ಲಿ, ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳ ಯಾವ ತರಗತಿಗೆ ಹೋದರೂ ಗೋಡೆಯ ಮೇಲೆ ಹೊಸದಾಗಿ ಅಂಟಿಸಿದ ಹಾಳೆಯೊಂದು ಕಣ್ಣಿಗೆ ಬೀಳುವುದುಂಟು. ಅಂಥದೊಂದು ದಿನ, ಪರಿಚಿತರಾದ ಗಣಿತದ ಶಿಕ್ಷಕಿಯೊಬ್ಬರು ಕರೆದರೆಂದು ಅವರ ಏಳನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತಿದ್ದ ನಾನು, ಪಾಠ ಆರಂಭವಾಗುವ ಮೊದಲು ಅಲ್ಲಿಯ ಹಾಳೆಯನ್ನು ಓದಿದೆ. ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದ ಎಂಟು ಸಾಲುಗಳು. ಗಲಾಟೆ ಮಾಡಬಾರದು; ಮನೆಗೆಲಸವನ್ನು ತಪ್ಪದೆ ಮಾಡಿ ತರಬೇಕು; ಕಂಪಾಸ್ ಪೆಟ್ಟಿಗೆ ತಾರದವರು ಹೊರಗೆ ನಿಲ್ಲಬೇಕು; ಅಪ್ಪಣೆಯಿಲ್ಲದೆ ಮಾತನಾಡಬಾರದು; ಪಕ್ಕದವರದನ್ನು ನೋಡಿ ಬರೆಯಬಾರದು; ಪುಸ್ತಕದ ಹಾಳೆ ಹರಿಯಬಾರದು; ತಪ್ಪಾದುದನ್ನು ನೀಟಾಗಿ ಅಳಿಸಿ ಬರೆಯಬೇಕು; ಗುರುಹಿರಿಯರಿಗೆ ಗೌರವ ಕೊಡಬೇಕು.

ಇವುಗಳಲ್ಲಿ ಕೆಟ್ಟ ಮಾತು ಒಂದಾದರೂ ಇದೆಯೆಂದು ಮೇಲುನೋಟಕ್ಕೆ ಯಾರೂ ಹೇಳಲಾರರು. ಮೂವತ್ತು ನಲವತ್ತು ಮಕ್ಕಳು ಒಂದೇ ಕೊಠಡಿಯಲ್ಲಿ ಕೂಡಿ ಕುಳಿತಾಗ ಒಂದು ಮರ್ಯಾದೆ, ಒಂದು ಕ್ರಮ ಬೇಕೇ ಬೇಕು. ಆದರೆ ಈ ಹಾಳೆಯನ್ನು ಕಿತ್ತು ಪಕ್ಕದ ಕೊಠಡಿಯ ಸಮಾಜ ವಿಜ್ಞಾನದ ತರಗತಿಗೆ ಅಂಟಿಸಿದರೆ ಅಲ್ಲಿಗೂ ಅದು ಹೊಂದಿಕೊಳ್ಳುತ್ತದೆ. ಕಂಪಾಸ್ ಪೆಟ್ಟಿಗೆಯೊಂದನ್ನು ಬಿಟ್ಟರೆ ಗಣಿತವೆಂಬ ವಿದ್ಯೆಯ ಗಂಧವೇ ಅದಕ್ಕೆ ಸೋಂಕಿಲ್ಲ. ಲೆಕ್ಕವನ್ನು ಹೇಗೆ ಯೋಚಿಸಬೇಕು, ಉತ್ತರ ತೋಚದಾಗ ಏನು ಮಾಡಬೇಕು, ತಪ್ಪಿದಾಗ ಏನು ಮಾಡಬೇಕು, ಒಬ್ಬನ ಉತ್ತರವನ್ನು ಇನ್ನೊಬ್ಬನು ಒಪ್ಪದಿದ್ದಾಗ ಯಾವುದನ್ನು ಪ್ರಮಾಣವೆಂದು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗಳೇ ಗಣಿತದ ತರಗತಿಯ ಜೀವಾಳವಾಗಿರುವಾಗ, ಅವುಗಳ ವಿಷಯದಲ್ಲಿ ನಮ್ಮ ಗೋಡೆಗಳು ಮೌನವಾಗಿವೆ. ತಪ್ಪಿನ ಮಾತನ್ನು ಎತ್ತುವ ಸಾಲು ಒಂದೇ, ಏಳನೆಯದು; ಅದು ಹೇಳುವುದು ಅಳಿಸು ಎಂದು. ಆ ಒಂದು ಸಾಲಿನ ಮೇಲೆಯೇ ನನ್ನ ತಕರಾರು. ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳ ಗಣಿತದ ತರಗತಿಯಲ್ಲಿ ಯಾವ ತಪ್ಪನ್ನೂ ಅಳಿಸಕೂಡದು, ಅದು ಕಣ್ಣಿಗೆ ಕಾಣುವಂತೆ ಪುಸ್ತಕದಲ್ಲಿ ಉಳಿಯತಕ್ಕದ್ದು ಎಂಬುದು ಮೊದಲನೆಯ ಕಟ್ಟಳೆಯಾಗಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕೆ ಕಾರಣವನ್ನು ಅಂದು ಆ ತರಗತಿಯಲ್ಲಿಯೇ ಕಂಡೆ.

ಸೇತುಬಂಧದ ದಿನಗಳು. ಆರನೆಯ ತರಗತಿಯ ಭಿನ್ನರಾಶಿಗಳನ್ನು ಶಿಕ್ಷಕಿ ಮತ್ತೊಮ್ಮೆ ನೆನಪಿಸಿಕೊಡುತ್ತಿದ್ದರು. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿರೆಂದು ಕರಿಹಲಗೆಯ ಮೇಲೆ ಬರೆದು ಬೆಂಚುಗಳ ನಡುವೆ ಸುತ್ತುತ್ತ ಬಂದವರು, ನನ್ನ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳ ಪುಸ್ತಕದ ಮೇಲೆ ಬಾಗಿ ನಿಂತರು. ಆಕೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆದಿದ್ದಳು. ಶಿಕ್ಷಕಿ ಬಾಗಿದ್ದನ್ನು ಕಂಡೊಡನೆಯೇ ಅವಳ ಎಡಗೈ ರಬ್ಬರಿನ ಕಡೆಗೆ ಹೋಯಿತು. ಆ ಕೈಯ ಚಲನೆಯಲ್ಲಿ ಎಷ್ಟು ವರ್ಷಗಳ ಅಭ್ಯಾಸವಿತ್ತೆಂದರೆ, ತಪ್ಪೆಂದು ಯಾರಾದರೂ ಹೇಳುವ ಮೊದಲೇ ಅದು ಹೊರಟಿತ್ತು. ಶಿಕ್ಷಕಿ ರಬ್ಬರಿನ ಮೇಲೆ ತಮ್ಮ ಬೆರಳನ್ನಿಟ್ಟು, "ಇರಲಿ ಬಿಡಮ್ಮ, ಇದು ಹೇಗೆ ಬಂತು ಅಂತ ಮೊದಲು ಹೇಳು" ಎಂದರು. ಹುಡುಗಿ ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, "ಟೀಚರ್, ಮೊನ್ನೆ ಸೇತುಬಂಧದ ಟೆಸ್ಟಿನಲ್ಲಿ ಮೊದಲನೇ ಪ್ರಶ್ನೆಗೆ ಎರಡಕ್ಕೆ ಒಂದು ಹಾಕಿದ್ರಿ, ಆಮೇಲಿನದಕ್ಕೆ ಮೂರಕ್ಕೆ ಒಂದು ಹಾಕಿದ್ರಿ. ಕೊನೆಗೆ ನೀವೇ ಕೂಡಿ ಐದಕ್ಕೆ ಎರಡು ಅಂತ ಬರೆದ್ರಲ್ಲ" ಎಂದಳು.

ನಾನು ಬೆರಗಾದೆ. ಕೆಂಪು ಶಾಯಿಯ ಒಂದು ಅಡ್ಡಗೆರೆಯಲ್ಲಿ ಮುಗಿದುಹೋಗಬಹುದಾಗಿದ್ದ ಆ ಉತ್ತರದ ಹಿಂದೆ ಎಂಥ ನೇರವಾದ ವಿಚಾರವಿತ್ತು! ಅಂಕಗಳನ್ನು ಕೂಡುವಾಗ ನಾವೆಲ್ಲರೂ ಮಾಡುವುದು ಅದನ್ನೇ. ಎರಡಕ್ಕೆ ಒಂದು, ಮೂರಕ್ಕೆ ಒಂದು, ಒಟ್ಟು ಐದಕ್ಕೆ ಎರಡು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಲ್ಲಿ ಎರಡು ಅಂಕದ ಪ್ರಶ್ನೆಯೊಂದು, ಮೂರು ಅಂಕದ ಪ್ರಶ್ನೆಯೊಂದು, ಹೀಗೆ ಪೂರ್ಣವೆಂಬುದೇ ಎರಡು ಬಗೆಯಾಗಿದೆ. ಭಿನ್ನರಾಶಿಯ ಸಂಕಲನದಲ್ಲಾದರೋ ಅರ್ಧವೂ ಮೂರನೆಯ ಒಂದೂ ಒಂದೇ ಅಳತೆಯ ಪೂರ್ಣದಿಂದ ಬಂದಿರಬೇಕು. ಈ ಸೂಕ್ಷ್ಮವು ಪಠ್ಯಪುಸ್ತಕದ ಹತ್ತು ಉದಾಹರಣೆಗಳಲ್ಲಿ ಬಿಚ್ಚಿಕೊಳ್ಳುವುದಕ್ಕಿಂತ ಚೆನ್ನಾಗಿ ಆ ಹುಡುಗಿಯ ತಪ್ಪಿನಲ್ಲಿ ಬಿಚ್ಚಿಕೊಳ್ಳಲು ಕಾದು ಕುಳಿತಿತ್ತು. ಶಿಕ್ಷಕಿ ಹಲಗೆಯ ಮೇಲೆ ಒಂದೇ ಗಾತ್ರದ ಎರಡು ರೊಟ್ಟಿಗಳನ್ನು ಬರೆದು, ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರನೆಯ ಒಂದು ಗುರುತಿಸಿ, "ಅರ್ಧ ರೊಟ್ಟಿ ತಿಂದ ಮೇಲೆ ಇಷ್ಟು ಇನ್ನೂ ತಿಂದರೆ, ಒಟ್ಟು ತಿಂದದ್ದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದು ಕೇಳಿದರು. ಹೆಚ್ಚು ಎಂದು ಇಡೀ ತರಗತಿ ಕೂಗಿತು. "ಐದರಲ್ಲಿ ಎರಡು?" ಎಂದು ಕೇಳಿ ಸುಮ್ಮನೆ ನಿಂತರು. ಆ ಹುಡುಗಿಯೇ ಎದ್ದು, ಅದು ಅರ್ಧಕ್ಕಿಂತ ಕಡಿಮೆ ಆಗುತ್ತೆ ಎಂದಳು. ಎಂದವಳು ಕುಳಿತು, 2/5ರ ಮೇಲೆ ಒಂದೇ ಒಂದು ಗೀಟು ಎಳೆದು, ಅದರ ಕೆಳಗೆ ಆರು ಭಾಗಗಳಲ್ಲಿ ಮೂರು, ಆರು ಭಾಗಗಳಲ್ಲಿ ಎರಡು ಎಂದು ಬರೆಯಲು ತೊಡಗಿದಳು.

ನಾನು ಏಳನೆಯ ತರಗತಿಯಲ್ಲಿದ್ದಾಗ ಇಂಥ ಬೆರಳೊಂದು ನನ್ನ ರಬ್ಬರಿನ ಮೇಲೆ ಬಂದು ಕೂಡಲಿಲ್ಲ. ತಪ್ಪಿದ ಲೆಕ್ಕ ಒಂದಕ್ಕೆ ಅಂಗೈಗೆ ಒಂದು ಏಟು ಎಂಬುದು ನಮ್ಮ ಮೇಷ್ಟ್ರ ನಿಯಮ. ಅವರು ಅದನ್ನು ಪಕ್ಷಪಾತವಿಲ್ಲದೆ, ಬಹುಶಃ ನಮ್ಮ ಹಿತವನ್ನೇ ಬಯಸಿ, ನಡೆಸಿಕೊಂಡು ಬಂದರು. ಮೇಷ್ಟ್ರು ನಮ್ಮ ಸಾಲಿಗೆ ಬರುವ ಮುನ್ನ ತಪ್ಪಿನ ಗುರುತೂ ಉಳಿಯದಂತೆ ಅಳಿಸಿಬಿಡಬೇಕೆಂದು ನಾನು ರಬ್ಬರು ಸಾಲದಾದಾಗ ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದೆ. ಹಾಗೆ ಉಜ್ಜಿ ಒಮ್ಮೆ ಹಾಳೆ ತೂತಾಯಿತು. ಲೆಕ್ಕಕ್ಕೊಂದು ಏಟು, ತೂತಿಗೊಂದು ಏಟು. ಅಂದಿನಿಂದ, ತಿಳಿಯದ ಲೆಕ್ಕದ ಜಾಗವನ್ನು ಖಾಲಿ ಬಿಟ್ಟು, ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚಾಗಿದ್ದ ಉತ್ತರವನ್ನು ನೋಡಿಕೊಂಡು, ಅದು ಬರುವಂತೆ ನಡುವಿನ ಸಾಲುಗಳನ್ನು ಹೇಗೋ ಹೊಂದಿಸುವ ವಿದ್ಯೆಯನ್ನು ಕಲಿತೆ. ಆ ವರ್ಷ ನನಗೆ ಅಂಕಗಳೇನೋ ಬಂದವು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಏಕೆ ಬರುತ್ತದೆಂಬುದು ಮಾತ್ರ ಬಹುಕಾಲದ ಮೇಲೆ, ನಾನೇ ಮಕ್ಕಳಿಗೆ ಹೇಳಿಕೊಡಬೇಕಾಗಿ ಬಂದಾಗ, ತಿಳಿಯಿತು.

ಬೆತ್ತದ ಕಾಲ ಕಳೆಯಿತೆಂದು ಕೆಲವರು ಹೇಳಿಯಾರು. ಕೂಲಿಮಠದ ಐಗಳು ಹುಡುಗರನ್ನು ಹಗ್ಗಕ್ಕೆ ಜೋತುಬಿಡುತ್ತಿದ್ದ ಕೋದಂಡದ ಶಿಕ್ಷೆ ಕಥೆಯಾಗಿ ಉಳಿದಿರುವುದು ನಿಜ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವನ್ನು ದೈಹಿಕವಾಗಿ ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿ, ಮೀರಿದವರ ಮೇಲೆ ಶಿಸ್ತುಕ್ರಮ ವಿಧಿಸಿರುವುದೂ ನಿಜ. ಆದರೆ ಕಾಯಿದೆಯು ಕೈಯಿಂದ ಬೆತ್ತವನ್ನು ಕಸಿದುಕೊಳ್ಳಬಲ್ಲದೇ ಹೊರತು ತರಗತಿಯ ಗಾಳಿಯಲ್ಲಿ ಬೆರೆತಿರುವ ಭಯವನ್ನು ತೆಗೆಯಲಾರದು. ಉತ್ತರ ತಪ್ಪಿದ ಹುಡುಗನನ್ನು ಸರಿಯಾದ ಉತ್ತರ ಹೇಳುವವರೆಗೂ ನಿಲ್ಲಿಸುವುದು, ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದುವುದು, ಜಾಣರ ಸಾಲು ದಡ್ಡರ ಸಾಲು ಎಂದು ಬೆಂಚುಗಳನ್ನು ಹಂಚುವುದು, ಇವೆಲ್ಲವೂ ಬೆತ್ತವಿಲ್ಲದ ಬೆತ್ತಗಳೇ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಿದ್ಧವಾಗುವಾಗ ಗಣಿತ ಬೋಧನೆಯನ್ನು ಕುರಿತು ಚಿಂತಿಸಿದ ವಿದ್ವಾಂಸರ ತಂಡವು, ಮಕ್ಕಳಲ್ಲಿ ನೆಲೆಸಿರುವ ಗಣಿತದ ಭೀತಿಯನ್ನೂ ಸೋಲಿನ ಭಾವವನ್ನೂ ಮುಖ್ಯ ಸಮಸ್ಯೆಗಳಲ್ಲೊಂದೆಂದು ಗುರುತಿಸಿ, ಮಗುವಿನ ಆಲೋಚನೆಯನ್ನೇ ಗಣಿತೀಕರಿಸುವುದು ಈ ವಿಷಯದ ಗುರಿಯೆಂದು ಸಾರಿತು. ಆಲೋಚನೆಯು ಗಣಿತಮಯವಾಗಬೇಕಾದರೆ ಮೊದಲು ಆಲೋಚನೆಯು ಹೊರಗೆ ಕಾಣಬೇಕಷ್ಟೆ. ಅಳಿಸಿದ ಪುಟದಲ್ಲಿ ಅದು ಕಾಣುವುದೆಂತು?

ತಪ್ಪೆಂಬುದು ಈ ವಿದ್ಯೆಯ ಇತಿಹಾಸದಲ್ಲಿ ಲಜ್ಜೆಯ ವಿಷಯವಾಗಿಲ್ಲವೆಂಬುದಕ್ಕೆ ನಮ್ಮ ನೆಲದ ನಿದರ್ಶನವೇ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯನ ಹೆಸರನ್ನು ಕೇಳದ ಗಣಿತದ ಇತಿಹಾಸಕಾರನಿಲ್ಲ. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವೇ ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡ. ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ನುಡಿದ ಆ ಮಹಾಮತಿಯೇ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಹಾಗೆಯೇ ಉಳಿಯುವುದೆಂದೂ ಬರೆದನು. ಅದು ತಪ್ಪು. ಅವನಿಗೆ ಎರಡು ಶತಮಾನಗಳ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಬರುವುದೆಂದು ಹೇಳಿದ್ದನು, ಅದೂ ಸರಿಯಲ್ಲ. ಮಹಾವೀರನಿಗೆ ಮೂರು ಶತಮಾನಗಳ ಮೇಲೆ ಬಂದ ಭಾಸ್ಕರಾಚಾರ್ಯನು ಸೊನ್ನೆಯನ್ನು ಛೇದವಾಗಿ ಉಳ್ಳ ರಾಶಿಯನ್ನು ಖಹರವೆಂದು ಕರೆದು ಅದನ್ನು ಅನಂತವೆಂದು ತಿಳಿದನು. ಇಂದಿನ ಗಣಿತವು ಸೊನ್ನೆಯಿಂದ ಭಾಗಿಸುವ ಕ್ರಿಯೆಗೇ ಅರ್ಥವಿಲ್ಲವೆನ್ನುತ್ತದೆ. ಆ ಆಚಾರ್ಯರ ಶಿಷ್ಯರೂ ಲಿಪಿಕಾರರೂ ಗುರುವಿನ ಗೌರವಕ್ಕೆ ಕುಂದು ಬಂದೀತೆಂದು ಆ ಶ್ಲೋಕಗಳನ್ನು ತಾಳೆಗರಿಯಿಂದ ಅಳಿಸಿಬಿಟ್ಟಿದ್ದರೆ, ಸೊನ್ನೆಯೆಂಬ ಮಹಾಕಲ್ಪನೆಯೊಡನೆ ಮನುಷ್ಯನ ಬುದ್ಧಿಯು ಐನೂರು ವರ್ಷ ಹೇಗೆ ಹೆಣಗಿತೆಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ. ಹನ್ನೆರಡು ವರ್ಷದ ಮಗುವೊಂದು ಆರನ್ನು ಸೊನ್ನೆಯಿಂದ ಭಾಗಿಸಿ ಆರು ಎಂದು ಬರೆದಾಗ, ಅದು ಮಹಾವೀರನು ನಡೆದ ದಾರಿಯಲ್ಲಿ ನಡೆದಿದೆಯೆಂದು ತಿಳಿದ ಶಿಕ್ಷಕನ ಕೆಂಪು ಪೆನ್ನು ಒಂದು ಕ್ಷಣವಾದರೂ ತಡೆಯದೆ ಇರಲಾರದು.

ಅಳಿಸದಿರುವ ಈ ಕಟ್ಟಳೆಗೆ ಇನ್ನೊಂದನ್ನು ಜೋಡಿಸಬೇಕು: ಉತ್ತರವೊಂದನ್ನೇ ಉತ್ತರವೆಂದು ಒಪ್ಪಕೂಡದು, ನಡೆದು ಬಂದ ದಾರಿಯೂ ಅದರ ಜೊತೆಗಿರಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಗಣಿತದ ಉತ್ತರಪತ್ರಿಕೆಯನ್ನು ತಿದ್ದುವವರು ಹಂತಹಂತಕ್ಕೂ ಅಂಕ ಹಂಚುತ್ತಾರೆ. ಸೂತ್ರಕ್ಕೆ ಇಷ್ಟು, ಆದೇಶಕ್ಕೆ ಇಷ್ಟು, ಕೊನೆಯ ಉತ್ತರಕ್ಕೆ ಇಷ್ಟು. ಹತ್ತನೆಯ ತರಗತಿಯಲ್ಲಿ ಮಂಡಳಿಯೇ ಒಪ್ಪಿಕೊಂಡಿರುವ ಈ ನ್ಯಾಯವು, ಮಗು ಇನ್ನೂ ಹೆಜ್ಜೆಯಿಡಲು ಕಲಿಯುತ್ತಿರುವ ಆರನೆಯ ಏಳನೆಯ ತರಗತಿಗಳಲ್ಲಿ ಏಕೆ ಇರಬಾರದು? ಇಲ್ಲಿಯೇ ಅದರ ಅಗತ್ಯ ಹೆಚ್ಚು. 52ರಿಂದ 27ನ್ನು ಕಳೆದು 35 ಎಂದು ಬರೆಯುವ ಮಗುವು ಲಕ್ಷ್ಯವಿಲ್ಲದೆ ಬರೆದುದಲ್ಲ. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕೆಂದು ಎಂದೋ ಕೇಳಿದ ಮಾತನ್ನು ಬಿಡಿಸ್ಥಾನದಲ್ಲಿಯೂ ನಿಷ್ಠೆಯಿಂದ ಪಾಲಿಸಿ, ಏಳರಿಂದ ಎರಡನ್ನು ಕಳೆದಿರುತ್ತದೆ. ಅದರ ದಾರಿಯನ್ನು ನೋಡಿದವರಿಗೆ ಮಾತ್ರ ಅದು ಎಲ್ಲಿ ತಿರುವು ತಪ್ಪಿತೆಂಬುದು ಗೊತ್ತಾಗುತ್ತದೆ.

ಮೂರನೆಯ ಮಾತು, ಅವಸರದ್ದು. ಪ್ರಶ್ನೆ ಬಾಯಿಂದ ಬಿದ್ದೊಡನೆ ಮುಂದಿನ ಬೆಂಚಿನ ಮೂರು ನಾಲ್ಕು ಕೈಗಳು ಮೇಲೇಳುತ್ತವೆ; "ನಾನು ಸಾರ್, ನಾನು ಮಿಸ್" ಎಂಬ ಕೂಗಿನಲ್ಲಿ ಉಳಿದವರ ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆಯು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅನೇಕ ತರಗತಿಗಳ ಧ್ವನಿಮುದ್ರಣಗಳನ್ನು ಆಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡೆಂದೂ, ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುವುವೆಂದೂ, ಎಂದೂ ಬಾಯಿ ತೆರೆಯದ ಮಕ್ಕಳೂ ಮಾತನಾಡತೊಡಗುವರೆಂದೂ ಕಂಡುಕೊಂಡಳು. ಮೂರು ಸೆಕೆಂಡು! ಇಷ್ಟು ಅಗ್ಗವಾದ ಸುಧಾರಣೆ ಶಿಕ್ಷಣದಲ್ಲಿ ಇನ್ನೊಂದು ಇರಲಾರದು. ಅನುದಾನ ಬೇಡ, ಆದೇಶ ಬೇಡ. ಯಾರೂ ಕೈಯೆತ್ತಕೂಡದು, ಎಲ್ಲರೂ ಪುಸ್ತಕದಲ್ಲಿ ಏನಾದರೊಂದನ್ನು ಬರೆದ ಮೇಲೆ ನಾನೇ ಕೇಳುತ್ತೇನೆ ಎಂದು ಶಿಕ್ಷಕರು ಹೇಳಿದರೆ ಸಾಕು, ಕೊನೆಯ ಬೆಂಚಿಗೂ ಲೆಕ್ಕ ಮಾಡಲು ಪುರಸತ್ತು ದೊರೆಯುತ್ತದೆ.

ಹೀಗೆಂದ ಮಾತ್ರಕ್ಕೆ ಮಗ್ಗಿಯನ್ನು ಕಂಠಪಾಠ ಮಾಡುವುದು ಬೇಡವೆನ್ನುವವರ ಗುಂಪಿಗೆ ನನ್ನನ್ನು ಸೇರಿಸಬಾರದು. ಮಗ್ಗಿ ಬೇಕು, ನಾಲಗೆಯ ಮೇಲೆ ಸಲೀಸಾಗಿ ಆಡುವಷ್ಟು ಬೇಕು. ನಮ್ಮ ಹಿರಿಯರು ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಹೇಳುತ್ತಿದ್ದ ಕಾಲದಲ್ಲಿ ಸಂತೆಯ ವ್ಯವಹಾರಕ್ಕೆ ಕಾಗದ ಬೇಕಿರಲಿಲ್ಲ, ಭಿನ್ನರಾಶಿಯೆಂಬ ಹೆಸರು ಕೇಳದವರೂ ಏಳು ಮುಕ್ಕಾಲು ಐದೂಕಾಲು ಎಂದು ಹೇಳಬಲ್ಲವರಾಗಿದ್ದರು. ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ 2023ರ ಅಸರ್ ಸಮೀಕ್ಷೆಯಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಸರಿಯಾಗಿ ಭಾಗಿಸಬಲ್ಲವರು ಶೇಕಡ 43.3 ಮಾತ್ರವೆಂದು ಓದಿದಾಗ ನನಗೆ ಸಂಕಟವಾಯಿತು. ಏತಕ್ಕೆಂದರೆ ಏಳರ ಮಗ್ಗಿ ಬಾರದ ಹುಡುಗನು 364ನ್ನು ಏಳರಿಂದ ಭಾಗಿಸುವಾಗ ಅವನ ಬುದ್ಧಿಯೆಲ್ಲ ಮಗ್ಗಿಯನ್ನು ಬೆರಳೆಣಿಸುವುದರಲ್ಲಿಯೇ ವ್ಯಯವಾಗಿ, ಭಾಗಾಕಾರದ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಆದರೆ ಮಗ್ಗಿಯನ್ನು ಕಲಿಸಬೇಕಾದುದು ರಾಗವಾಗಿ, ಎಲ್ಲರೂ ಕೂಡಿ, ದಿನವೂ ಐದು ನಿಮಿಷ. ಹದಿಮೂರೆಂಟ್ಲೆ ಎಷ್ಟೆಂದು ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿ ಅವನು ತೊದಲುವುದನ್ನು ಮೂವತ್ತನಾಲ್ಕು ಮಂದಿ ನೋಡುವಂತೆ ಮಾಡಿ ಅಲ್ಲ.

ಮನೆಗೆಲಸದ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಮ್ಮ ನಿಯಮಗಳಿಗೂ ಮಕ್ಕಳ ಜೀವನಕ್ಕೂ ಅಂತರ ಬಹಳ. ಅಭ್ಯಾಸದ ಇಪ್ಪತ್ತು ಲೆಕ್ಕಗಳನ್ನೂ ಮಾಡಿ ತನ್ನಿರೆಂದು ಹೇಳಿದ ಮರುದಿನ ಬೆಳಗ್ಗೆ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ಶಾಲೆಯ ಜಗಲಿಯನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಒಬ್ಬಳ ಪುಸ್ತಕ ನಡುವೆ ತೆರೆದಿರುತ್ತದೆ, ಸುತ್ತಲೂ ಆರೇಳು ತಲೆಗಳು ಬಾಗಿರುತ್ತವೆ, ಪೆನ್ನುಗಳು ಓಡುತ್ತಿರುತ್ತವೆ. ನೋಡಿ ಬರೆಯಬಾರದೆಂಬ ಐದನೆಯ ನಿಯಮವನ್ನು ಮುರಿಯುವಂತೆ ಅವರನ್ನು ಒತ್ತಾಯಿಸಿದುದು ಎರಡನೆಯ ನಿಯಮವೇ. ಸಂಜೆ ಮನೆಗೆ ಹೋಗಿ ದನ ಹೊಡೆದುಕೊಂಡು ಬಂದು, ತಮ್ಮನನ್ನು ಎತ್ತಿಕೊಂಡು, ನೀರು ಹಿಡಿದು, ಮಸಾಲೆ ಅರೆದು, ದೀಪದ ಮುಂದೆ ಕೂಡುವ ಹೊತ್ತಿಗೆ ಕಣ್ಣು ಮುಚ್ಚುವ ಮಗುವಿಗೆ ಇಪ್ಪತ್ತು ಲೆಕ್ಕ ಬೇಡ. ಮೂರು ಸಾಕು, ಅವುಗಳಲ್ಲಿ ಒಂದು ಮನೆಯಿಂದಲೇ ಹುಟ್ಟಿದ್ದಾಗಿರಲಿ.

ಬೆಳಗ್ಗೆ ಹಾಲಿನ ಡೈರಿಗೆ ಕ್ಯಾನು ಹೊತ್ತು ಹೋಗುವ ಮಗುವಿನ ಉದಾಹರಣೆ ತೆಗೆದುಕೊಳ್ಳೋಣ. ಹಾಲು ಉತ್ಪಾದಕರ ಸಹಕಾರ ಸಂಘದವರು ಕೊಡುವ ಚೀಟಿಯಲ್ಲಿ ದಶಾಂಶಗಳೇ ತುಂಬಿವೆ: ಹಾಲು ಇಷ್ಟು ಲೀಟರು, ಫ್ಯಾಟು 3.9, ಎಸ್.ಎನ್.ಎಫ್. 8.5, ದರ ಇಷ್ಟು, ಹಣ ಇಷ್ಟು. ತರಗತಿಯಲ್ಲಿ 4.35 ದೊಡ್ಡದೋ 4.4 ದೊಡ್ಡದೋ ಎಂದು ಕೇಳಿದರೆ, ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ಲವೆ ಎಂದುಕೊಂಡು 4.35 ಎನ್ನುವ ಮಕ್ಕಳು ಹಲವರು. ಅದೇ ಮಗುವು ನಿನ್ನೆ 4.35 ಲೀಟರು, ಇವತ್ತು 4.4 ಲೀಟರು ಎಂದು ಬಂದರೆ ಹಸು ಇವತ್ತು ಐವತ್ತು ಮಿಲಿಲೀಟರು ಹೆಚ್ಚು ಕೊಟ್ಟಿತೆಂದು, ದುಡ್ಡು ಅಷ್ಟು ಹೆಚ್ಚು ಬರಬೇಕೆಂದು ಅವ್ವನಿಗೆ ಹೇಳಬಲ್ಲದು. ಅದರ ಬದುಕಿನಲ್ಲಿರುವ ಗಣಿತಕ್ಕೂ ಪುಸ್ತಕದಲ್ಲಿರುವ ಗಣಿತಕ್ಕೂ ನಡುವೆ ಬಾಗಿಲೊಂದು ಮುಚ್ಚಿದೆ. ವಾರದ ಚೀಟಿಗಳನ್ನು ತಂದು ಸರಾಸರಿ ಫ್ಯಾಟು ಎಷ್ಟೆಂದು ಕಂಡುಹಿಡಿಯಿರಿ ಎಂಬ ಒಂದೇ ಲೆಕ್ಕವನ್ನು ಕೊಟ್ಟರೆ, ಅದನ್ನು ಜಗಲಿಯ ಮೇಲೆ ಕುಳಿತು ನೋಡಿ ಬರೆಯಲು ಬರುವುದಿಲ್ಲ, ಏಕೆಂದರೆ ಒಬ್ಬರ ಹಸುವಿನ ಹಾಲು ಇನ್ನೊಬ್ಬರದಲ್ಲ. ಹಸುವಿಲ್ಲದ ಮನೆಯ ಮಗುವಿಗೆ ಅಂಗಡಿಯ ಚೀಟಿಯಿದೆ, ವಿದ್ಯುತ್ ಬಿಲ್ಲಿದೆ, ಬಸ್ಸಿನ ಟಿಕೆಟಿದೆ.

ಏಕೆ ಎಂದು ಕೇಳುವ ಸ್ವಾತಂತ್ರ್ಯವನ್ನೂ ಕಟ್ಟಳೆಯಾಗಿ ಬರೆದಿಡಬೇಕು. ಬರೆಯದಿದ್ದರೆ ಮಕ್ಕಳು ಅದನ್ನು ನಂಬುವುದಿಲ್ಲ. ಸಮೀಕರಣದಲ್ಲಿ ಪಕ್ಷಾಂತರ ಮಾಡಿದಾಗ ಚಿಹ್ನೆ ಬದಲಾಗುತ್ತದೆಂದು ಎಲ್ಲ ಮಕ್ಕಳಿಗೂ ಬಾಯಿಪಾಠವಾಗಿದೆ. ಆ ಕಡೆಗೆ ಹೋದ ಕೂಡಲೆ ಪ್ಲಸ್ಸು ಮೈನಸ್ಸು ಏಕಾಗಬೇಕು, ದಾರಿಯಲ್ಲಿ ಅದಕ್ಕೇನಾಯಿತು ಎಂದು ಕೇಳಿದ ಮಗುವನ್ನು ನಾನು ನೋಡಿದ್ದು ಬಹಳ ಅಪರೂಪ. ತಕ್ಕಡಿಯ ಎರಡೂ ತಟ್ಟೆಗಳಿಂದ ಒಂದೇ ತೂಕವನ್ನು ತೆಗೆದರೆ ಅದು ಸಮವಾಗಿಯೇ ಉಳಿಯುವುದೆಂಬ ಸಂಗತಿಯನ್ನು ಕಣ್ಣಾರೆ ಕಂಡ ಮಗುವಿಗೆ ಪಕ್ಷಾಂತರವೆಂಬ ಮಂತ್ರವೇ ಬೇಡವಾಗುತ್ತದೆ. ಈ ಪ್ರಶ್ನೆಯನ್ನು ಮಗುವು ತನ್ನ ಮನೆಮಾತಿನಲ್ಲಿ ಕೇಳಲಿ, ಲಂಬಾಣಿಯಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ಪಕ್ಕದವರೊಡನೆ ಚರ್ಚಿಸಲಿ. ಪರಿಭಾಷೆ ಆಮೇಲೆ ಬರುತ್ತದೆ. 2019ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿರುವುದರಿಂದ ಈ ಮಾತು ಇನ್ನಷ್ಟು ತುರ್ತಿನದಾಗಿದೆ. ಇಂಗ್ಲಿಷಿನಲ್ಲಿ ಕೇಳಲು ಬಾರದೆಂದು ಒಂದು ಏಕೆಯನ್ನು ನುಂಗಿಕೊಂಡ ಮಗುವು ಮುಂದೆ ನೂರು ಏಕೆಗಳನ್ನು ನುಂಗಿಕೊಳ್ಳುತ್ತದೆ.

ಇಷ್ಟನ್ನು ಕೇಳಿದ ಶಿಕ್ಷಕರು, "ಹೇಳುವುದು ಸುಲಭ, ಸ್ವಾಮಿ" ಎಂದರೆ ಅವರಲ್ಲಿ ನಾನು ತಪ್ಪು ಕಾಣಲಾರೆ. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗಳಿಗೆ ಮೂವತ್ತೈದು ಮಕ್ಕಳಿಗೊಬ್ಬ ಶಿಕ್ಷಕರಿರಬೇಕು. ಗಣಿತ ಮತ್ತು ವಿಜ್ಞಾನಗಳೆರಡಕ್ಕೂ ಸೇರಿ ಕನಿಷ್ಠ ಒಬ್ಬರು. ಅಂದರೆ ಮೂರು ತರಗತಿಗಳ ಗಣಿತವನ್ನೂ ವಿಜ್ಞಾನವನ್ನೂ ಒಬ್ಬರೇ ಹೊತ್ತುಕೊಂಡು, ನೂರಕ್ಕೆ ಮೇಲ್ಪಟ್ಟ ಪುಸ್ತಕಗಳನ್ನು ತಿದ್ದಬೇಕಾಗಿ ಬಂದೀತು. ಎಲ್ಲ ಪುಸ್ತಕಗಳಲ್ಲಿಯೂ ಎಲ್ಲ ಪುಟಗಳಿಗೂ ಸರಿಗುರುತು ಬೀಳಬೇಕೆಂದು ಮೇಲಿನವರು ನಿರೀಕ್ಷಿಸುವುದರಿಂದ, ಬೀಳುವುದು ಸರಿಗುರುತು ಮಾತ್ರ, ಓದು ಅಲ್ಲ. ನನ್ನ ಸಲಹೆಯಿಷ್ಟು: ದಿನಕ್ಕೆ ಒಂದೊಂದು ತರಗತಿಯಿಂದ ಐದೈದು ಪುಸ್ತಕಗಳನ್ನು ಮಾತ್ರ ತೆಗೆದುಕೊಂಡು, ಗೀಟು ಹೊಡೆದ ಸಾಲುಗಳನ್ನೇ ಮೊದಲು ಓದಲಿ. ಏಳು ದಿನಗಳಲ್ಲಿ ತರಗತಿಯ ಮೂವತ್ತೈದು ಮಕ್ಕಳ ಮನಸ್ಸೂ ಒಂದು ಸುತ್ತು ಕಣ್ಣಿಗೆ ಬಿದ್ದಿರುತ್ತದೆ. ತಪಾಸಣೆಗೆ ಬರುವ ಅಧಿಕಾರಿಗಳು ಖಾಲಿ ಬಿಟ್ಟ ಪುಟಗಳನ್ನು ಎಣಿಸದೆ, ಆ ಐದು ಪುಸ್ತಕಗಳಲ್ಲಿ ಶಿಕ್ಷಕರು ಏನು ಬರೆದಿದ್ದಾರೆಂಬುದನ್ನು ನೋಡುವ ದೊಡ್ಡ ಮನಸ್ಸು ಮಾಡಬೇಕು.

ಪೋಷಕರದೂ ಒಂದು ಪಾಲಿದೆ. ಗೀಟು ಹೊಡೆದ ಸಾಲುಗಳಿಂದ ತುಂಬಿದ ಪುಸ್ತಕವನ್ನು ಪೋಷಕರ ಸಭೆಯ ದಿನ ಬಿಡಿಸಿ ನೋಡಿದ ತಂದೆಯೊಬ್ಬರು, "ಏನ್ ಟೀಚರ್, ಪುಸ್ತಕ ಇಷ್ಟು ಗಲೀಜಾಗಿದೆ, ನೀವು ನೋಡೋದಿಲ್ವಾ?" ಎಂದು ಕೇಳಿದರಂತೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಖಾಸಗಿ ಶಾಲೆಗೆ ಹೋಗುವ ಅಣ್ಣನ ಮಗನ ಪುಸ್ತಕದಲ್ಲಿ ಹಲಗೆಯಿಂದ ಇಳಿಸಿಕೊಂಡ ಲೆಕ್ಕಗಳು ಮುತ್ತು ಪೋಣಿಸಿದಂತೆ ಇರುವುದನ್ನು ಅವರು ಕಂಡಿರುತ್ತಾರೆ. ಆದರೆ ಇಳಿಸಿಕೊಂಡ ಲೆಕ್ಕದಲ್ಲಿ ಅಂದವಿರುವುದು ಮಗುವಿನ ಅಕ್ಷರಕ್ಕೆ, ಮಗುವಿನ ವಿಚಾರಕ್ಕಲ್ಲ. ಆ ಶಿಕ್ಷಕಿ ಜಗಳವಾಡದೆ, ಮಗನನ್ನೇ ಕರೆದು, ಗೀಟು ಹೊಡೆದ ಒಂದು ಸಾಲನ್ನು ತೋರಿಸಿ, "ಇಲ್ಲಿ ಏನಾಗಿತ್ತು ಅಂತ ಅಪ್ಪನಿಗೆ ಹೇಳಪ್ಪಾ" ಎಂದರಂತೆ. ಹುಡುಗನು ದಶಕ ತೆಗೆದುಕೊಳ್ಳುವುದನ್ನು ಮರೆತ ಬಗೆಯನ್ನೂ, ತಾಳೆ ನೋಡಿದಾಗ ಅದು ಸಿಕ್ಕಿಬಿದ್ದ ಬಗೆಯನ್ನೂ ವಿವರಿಸಿದನು. ತಂದೆ ಪುಸ್ತಕವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು.

ಕಡೆಯದಾಗಿ, ಈ ಕಟ್ಟಳೆಗಳು ಶಿಕ್ಷಕರನ್ನೂ ಕಟ್ಟಬೇಕು. ಹಲಗೆಯ ಮೇಲೆ ಮೇಷ್ಟ್ರು ತಪ್ಪಿದಾಗ ಅಂಗೈಯಿಂದ ಒರಸಿ ಮುಂದುವರಿದರೆ, ಮಕ್ಕಳು ಅನುಸರಿಸುವುದು ಗೋಡೆಯ ಹಾಳೆಯನ್ನಲ್ಲ, ಆ ಅಂಗೈಯನ್ನು. ಅಂದು ನಾನು ಕುಳಿತಿದ್ದ ತರಗತಿಯಲ್ಲಿ ಪಾಠದ ಕೊನೆಗೆ ಶಿಕ್ಷಕಿಯು ಮೂರನೆಯ ಎರಡಕ್ಕೆ ನಾಲ್ಕನೆಯ ಒಂದನ್ನು ಕೂಡಿಸುತ್ತ, ಅವಸರದಲ್ಲಿ ಹನ್ನೆರಡರಲ್ಲಿ ಎಂಟು, ಹನ್ನೆರಡರಲ್ಲಿ ನಾಲ್ಕು ಎಂದು ಬರೆದರು. ಮೂಲೆಯಲ್ಲಿದ್ದ ಹುಡುಗನೊಬ್ಬ, "ಟೀಚರ್, ನಾಲ್ಕಲ್ಲ, ಮೂರು" ಎಂದನು. ಅವರ ಕೈ ಡಸ್ಟರಿನ ಕಡೆಗೆ ಹೋಗಿ, ಅರ್ಧದಲ್ಲಿಯೇ ನಿಂತು, ಮರಳಿ ಸೀಮೆಸುಣ್ಣಕ್ಕೆ ಬಂತು. ನಾಲ್ಕರ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಮೂರು ಬರೆದು, "ಯಾಕೆ ಮೂರು, ಬಂದು ತೋರಿಸಪ್ಪ" ಎಂದು ಸೀಮೆಸುಣ್ಣವನ್ನು ಅವನ ಕಡೆಗೆ ಚಾಚಿದರು.

ಗಂಟೆ ಹೊಡೆದು ಮಕ್ಕಳು ಬಿಸಿಯೂಟಕ್ಕೆ ತಟ್ಟೆ ಹಿಡಿದು ಓಡಿದ ಮೇಲೆ, ಆಕೆ ಕುರ್ಚಿಯೊಂದನ್ನು ಎಳೆದು ಗೋಡೆಯ ಹತ್ತಿರ ಹಾಕಿಕೊಂಡು, ಮೇಲೆ ಹತ್ತಿ, ತಾವೇ ಬರೆದಿದ್ದ ಹಾಳೆಯ ಏಳನೆಯ ಸಾಲಿನ ಮೇಲೆ ಒಂದು ಗೀಟು ಎಳೆದರು. ಅದರ ಕೆಳಗಿನ ಅಕ್ಷರಗಳು ಬಾಗಿಲಿನ ಹತ್ತಿರ ನಿಂತ ನನಗೂ ಸ್ಪಷ್ಟವಾಗಿ ಓದುವಂತಿದ್ದವು.